ಯಾವ ಹಿತಾಸಕ್ತಿಯೂ ಇಲ್ಲ

ಕಬ್ಬು ಹೂ ಬಿಟ್ಟರೆ ದೂರದಿಂದ ನೋಡುವವರಿಗೆ ಚೆಂದ. ರಸ್ತೆಬದಿಗೆ ಕಾರು ನಿಲ್ಲಿಸಿ, ಅದರ ಮುಂದೆ ಹೆಂಡತಿಯನ್ನು ನಿಲ್ಲಿಸಿ ಫೋಟೊ ತೆಗೆದವರನ್ನು ಕಬ್ಬೂರಿನ ಜನ ಕಂಡಿದ್ದಾರೆ. ಹೊಲದ ಯಜಮಾನನಿಗೆ ಮಾತ್ರ ಅದು ಬೆಳ್ಳಗೆ ಕಾಣುವ ನಷ್ಟ. ಹೂ ಬಂದ ಮೇಲೆ ಕಬ್ಬು ಬೆಳೆಯುವುದಿಲ್ಲ. ಒಳಗೊಳಗೇ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಧರೆಪ್ಪ ಸರ್ ಅವರ ಮೂರೂವರೆ ಎಕರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಬಂದ ಹೂ ಮಾರ್ಚ್ ಮೊದಲ ವಾರದಲ್ಲೂ ಗಾಳಿಗೆ ತಲೆಯಾಡಿಸುತ್ತ ನಿಂತಿತ್ತು. ಸಕ್ಕರೆ ಕಾರ್ಖಾನೆ ಇನ್ನು ಹದಿನೈದು ದಿನಕ್ಕೆ ಕಬ್ಬು ನುರಿಸುವುದನ್ನು ನಿಲ್ಲಿಸುತ್ತದೆ ಎಂಬ ಸುದ್ದಿ ಇತ್ತು. ಹತ್ತೇ ದಿನ ಎಂದವರೂ ಇದ್ದರು.

ಸರ್ ದಿನಕ್ಕೆ ಮೂರು ಸಲ ಹೊಲಕ್ಕೆ ಹೋಗುತ್ತಿದ್ದರು. ಹೋಗಿ ಮಾಡುವ ಕೆಲಸ ಏನೂ ಇರಲಿಲ್ಲ. ಬದುವಿನ ಮೇಲೆ ನಿಂತು ಕಬ್ಬು ನೋಡುವುದು, ಜೇಬಿನಿಂದ ಮೊಬೈಲ್ ತೆಗೆದು ದಿಲ್ಲಿಯಿಂದ ಏನಾದರೂ ಬಂದಿದೆಯೇ ನೋಡುವುದು, ಮತ್ತೆ ಕಬ್ಬು ನೋಡುವುದು. ಸಿಗ್ನಲ್ ಸಾಲದೇನೋ ಎಂದು ಪಂಪ್‌ಸೆಟ್ಟಿನ ಕಟ್ಟೆ ಹತ್ತಿಯೂ ನೋಡುತ್ತಿದ್ದರು. ದಿಲ್ಲಿಯಿಂದಲೂ ಕಾರ್ಖಾನೆಯಿಂದಲೂ ಸುದ್ದಿ ಇಲ್ಲ. ಮನೆಗೆ ಬಂದರೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ.

"ಅದನ್ನೇನ್ ನೋಡ್ತೀರಿ ಘಳಿಗಿಗೊಮ್ಮೆ?" ಎಂದು ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳುತ್ತಿದ್ದಳು. "ಮೊಬೈಲ್ ನೋಡಿದ್ರ ಕಬ್ಬು ಕಡ್ದು ಹೋಗತೈತೇನು? ಬಾಜೂಕಿನ ಭೀಮಸಿದು ಹೋತು, ಆ ಕಡಿ ಹಳ್ಳದ ದಂಡಿದು ಹೋತು. ಇಡೀ ಸಿವಾರದಾಗ ನಮ್ದೊಂದ ನಿಂತೈತಿ, ಮದಿವ್ಯಾಗ ಕರೀದ ಬೀಗರ ನಿಂತಂಗ."

"ಬರತೈತಿ ಕಸ್ತೂರಿ."

"ಯಾವುದು? ಕಬ್ಬು ಕಡಿಯೂ ಗ್ಯಾಂಗೋ ದಿಲ್ಲಿಯೋ?"

ಸರ್ ಮತ್ತೆ ಮೊಬೈಲ್ ತೆಗೆಯುತ್ತಿದ್ದರು. ಇಷ್ಟಕ್ಕೂ ಒಂದು ಬರಲೆಂದೇ ಅವರು ಇನ್ನೊಂದನ್ನು ಬಿಟ್ಟುಕೊಟ್ಟಿದ್ದರು. ಆದರೆ ಬಿಟ್ಟದ್ದು ಹೋಗಿ ಆಗಿತ್ತು, ಬರಬೇಕಾದದ್ದು ಬಂದಿರಲಿಲ್ಲ.

ಧರೆಪ್ಪ ಸರ್ ಅವರಿಗೆ ಅರವತ್ತೊಂದು. ನಿಪ್ಪಾಣಿಯ ಖಾಸಗಿ ಕಾಲೇಜೊಂದರಲ್ಲಿ ಮೂವತ್ತಮೂರು ವರ್ಷ ಅರ್ಥಶಾಸ್ತ್ರ ಕಲಿಸಿದವರು. ಕೊನೆಗೆ ಪ್ರಾಚಾರ್ಯರೂ ಆಗಿದ್ದರು, ಒಂದು ವರ್ಷ ಹತ್ತು ತಿಂಗಳು. ಸಂಸ್ಥೆಯ ಅಧ್ಯಕ್ಷರ ತಮ್ಮನಿಗೆ ಟೆಂಡರ್ ಕರೆಯದೆ ಕ್ಯಾಂಟೀನ್ ಗುತ್ತಿಗೆ ಕೊಡುವ ಕಾಗದಕ್ಕೆ ಅವರು ಸಹಿ ಹಾಕಲಿಲ್ಲ. ಒಂದು ಮಧ್ಯಾಹ್ನ ಫೋನ್ ಬಂತು: "ನಾಳಿಂದ ನೀವು ಕ್ಲಾಸ್ ಅಷ್ಟ ತಗೋರಿ ಸರ್." ಯಾವ ಠರಾವಿನ ಮೇಲೆ ಎಂದು ಇವರು ಕೇಳಿದರು. ನಡಾವಳಿ ಪುಸ್ತಕ ತೋರಿಸಿದರು. ಎರಡು ಸಭೆಗಳ ನಡುವೆ ಖಾಲಿ ಉಳಿದಿದ್ದ ಅರ್ಧ ಪುಟದಲ್ಲಿ, ಬೇರೆ ಶಾಯಿಯಲ್ಲಿ, ಮೂರು ತಿಂಗಳ ಹಿಂದಿನ ತಾರೀಖು ಹಾಕಿ ಠರಾವು ಬರೆದಿತ್ತು. ಆ ತಾರೀಖಿನ ಸಭೆಯಲ್ಲಿ ಸರ್ ಅವರೇ ಕೂತಿದ್ದರು, ಚಹಾ ಕುಡಿದಿದ್ದರು, ಅಂಥ ಮಾತೇ ಬಂದಿರಲಿಲ್ಲ. ಕ್ಲಾಸಿಗೆ ಹೋಗಿ ಬೇಡಿಕೆಯ ನಿಯಮ ಕಲಿಸಿದರು. ನಿವೃತ್ತಿಯವರೆಗೆ ಕಲಿಸಿದರು. ಆದರೆ ಆ ಅರ್ಧ ಪುಟ ಮಾತ್ರ ತಲೆಯಿಂದ ಹೋಗಲಿಲ್ಲ.

ಹಿಂದಿನ ಅಕ್ಟೋಬರಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಕಂಡಿತು. ದಿಲ್ಲಿಯ ಸ್ಪರ್ಧಾ ಆಯೋಗದ ಅಧ್ಯಕ್ಷರು ನಿವೃತ್ತರಾಗಿ, ಇಬ್ಬರು ಸದಸ್ಯರಷ್ಟೇ ಉಳಿದಿದ್ದರು. ಕಂಪನಿಗಳು ಒಳಗೊಳಗೆ ಮಾತಾಡಿಕೊಂಡು ದರ ಏರಿಸಿದರೆ, ದೊಡ್ಡದು ಸಣ್ಣದನ್ನು ಒತ್ತಿ ಹಾಕಿದರೆ, ಅದನ್ನು ವಿಚಾರಿಸುವ ಆಯೋಗ ಅದು. ಸಭೆ ನಡೆಯಲು ಮೂವರು ಬೇಕು, ಇರುವವರು ಇಬ್ಬರು. ಇಡೀ ದೇಶದ ಕೆಲಸ ಒಬ್ಬ ಮನುಷ್ಯನಿಲ್ಲದೆ ನಿಂತಿದೆ ಎಂಬುದು ಸರ್ ಅವರ ಮನಸ್ಸಿಗೆ ಬಂದ ರೀತಿ. ಆ ಒಬ್ಬ ಎಲ್ಲಿದ್ದಾನೆ ಎಂದು ಯೋಚಿಸುವಷ್ಟು ಬಿಡುವು ನಿವೃತ್ತರಿಗೆ ಇರುತ್ತದೆ.

ಆ ಜಾಗಕ್ಕೆ ಅರ್ಜಿ ಕರೆದಾಗ ಅವರು ಚಿಕ್ಕೋಡಿಗೆ, ನಬಿಸಾಬರ ಹತ್ತಿರ ಹೋದರು. ನಬಿಸಾಬ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಈಗ ಅದೇ ಕೋರ್ಟಿನ ಎದುರು ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಇಟ್ಟುಕೊಂಡು ಊರಿನವರ ಅರ್ಜಿ ತುಂಬುತ್ತಾರೆ. ಕಾಯ್ದೆ ಓದದೆ ಅರ್ಜಿ ತುಂಬುವುದು ಅವರಿಗೆ ಬಾರದು. ಆಯೋಗದ ಕಾಯ್ದೆಯನ್ನೂ ಪ್ರಿಂಟ್ ತೆಗೆದು, ದಾರ ಹಾಕಿ ಹೊಲಿದು, ಕನ್ನಡಕ ಏರಿಸಿದರು.

"ಅಧ್ಯಕ್ಷರು ಒಬ್ರು. ಸದಸ್ಯರು ಇಬ್ಬರಕ್ಕಿಂತ ಕಡಿಮಿ ಇಲ್ಲ, ಆರಕ್ಕಿಂತ ಹೆಚ್ಚಿಲ್ಲ. ಯೋಗ್ಯತಾ ಇರಬೇಕು, ಪ್ರಾಮಾಣಿಕತಾ ಇರಬೇಕು, ಮಾನ ಇರಬೇಕು. ಹದಿನೈದು ವರ್ಷದ ಅನುಭವ ಇರಬೇಕು, ಕಾಯ್ದೆ, ವ್ಯಾಪಾರ, ಅರ್ಥಶಾಸ್ತ್ರ..."

"ಅರ್ಥಶಾಸ್ತ್ರ ಐತಿ?"

"ಐತ್ರಿ ಸರ್. ಮಾನಾನೂ ಐತಿ. ಅದರ ಸರ್ಟಿಫಿಕೇಟ್ ಎಲ್ಲಿ ಕೊಡ್ತಾರ ಅಂತ ತಹಶೀಲ್ದಾರ ಆಫೀಸಿನ್ಯಾಗ ಕೇಳಬೇಕು."

"ಆರಿಸೋರು ಯಾರು?"

"ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಇಲ್ಲಾ ಅವರು ಹೇಳಿದವರು, ಆ ಸಮಿತಿಗೆ ಹಿರೇರು. ಜೋಡಿಗೆ ಇಬ್ಬರು ಸರಕಾರದ ಕಾರ್ಯದರ್ಶಿ, ಇಬ್ಬರು ತಿಳದವರು. ಎಮ್ಮೆಲ್ಲೆ ಸಾಹೇಬರ ಪತ್ರ ನಡ್ಯಾಂಗಿಲ್ಲ. ಐದು ವರ್ಷ ಅವಧಿ. ಅರವತ್ತೈದು ತುಂಬಿತಂದ್ರ ಮನಿಗಿ. ನಿಮಗ ನಾಕು ವರ್ಷ ಸಿಕ್ಕೀತು. ಬಿಟ್ಟಮ್ಯಾಲ ಎರಡು ವರ್ಷ, ಮುಂದ ಬಂದು ನಿಂತ ಕಂಪನಿಯೊಳಗ ನೌಕರಿ ಹಿಡ್ಯಾಂಗಿಲ್ಲ."

"ತೆಗೀಬೇಕಂದ್ರ? ನಡುವ?"

ನಬಿಸಾಬ ಎರಡು ಹಾಳೆ ತಿರುವಿದರು. "ಹಂಗ ತೆಗ್ಯಾಕ ಬರಾಂಗಿಲ್ಲ. ಹುದ್ದೆ ದುರುಪಯೋಗ ಮಾಡ್ಯಾನ, ಎಲ್ಯೋ ಹಿತಾಸಕ್ತಿ ಇಟ್ಕೊಂಡಾನ ಅಂದ್ರ, ಸುಪ್ರೀಂ ಕೋರ್ಟ್ ವಿಚಾರಣಾ ಮಾಡಿ ಹೌದು ಅನ್ನಬೇಕು. ಆಮ್ಯಾಲ."

"ಫೋನ್ ಮಾಡಿ?"

"ಫೋನ್ ಅಂತ ಕಲಮಿನ್ಯಾಗ ಇಲ್ರಿ."

ಆ ಕಲಮನ್ನು ಸರ್ ಎರಡನೇ ಸಲ ಓದಿಸಿದರು. ಮೂರನೇ ಸಲ ತಾವೇ ಓದಿದರು. ಫೋನಿನಿಂದ ಅಲುಗಾಡದ ಕುರ್ಚಿ ಈ ದೇಶದಲ್ಲಿ ಕಾಯ್ದೆಯ ಪ್ರಕಾರ ಇದೆ, ಅದಕ್ಕೆ ಅರ್ಥಶಾಸ್ತ್ರ ಓದಿದವನು ಅರ್ಜಿ ಹಾಕಬಹುದು. ಅಷ್ಟು ಸಾಕಾಗಿತ್ತು.

ಎಡವಟ್ಟು ಆದದ್ದು ಅದರ ಮುಂದಿನ ಹಾಳೆಯಲ್ಲಿ. ನೇಮಕವಾದವನು, ಕೆಲಸಕ್ಕೆ ಅಡ್ಡಿಯಾಗುವ ಯಾವ ಹಣಕಾಸಿನ ಅಥವಾ ಬೇರೆ ಹಿತಾಸಕ್ತಿಯೂ ತನಗಿಲ್ಲ ಎಂದು ಬರೆದುಕೊಡಬೇಕು. ಸರ್ ಅದನ್ನು ಈಗಲೇ ಕೊಡುತ್ತೇನೆ ಎಂದರು.

"ಇದು ನೇಮಕ ಆದಮ್ಯಾಲ ಕೊಡೂದ್ರಿ," ಎಂದರು ನಬಿಸಾಬ. "ಈಗ ಯಾರೂ ಕೇಳಿಲ್ಲ."

"ಕರದಮ್ಯಾಲ ಜಳಕಾ ಮಾಡಾಕ ಓಡೂದು ಬ್ಯಾರೆ, ಜಳಕಾ ಮಾಡ್ಕೊಂಡು ಕೂಡೂದು ಬ್ಯಾರೆ ನಬಿಸಾಬ್ರ."

"ಕರೀಲಿಲ್ಲಂದ್ರ?"

"ಜಳಕಾ ಆಗಿರತೈತಲ್ಲ."

ನಬಿಸಾಬ ಒಂದು ಹಾಳೆ ಸೇರಿಸಿದರು. 'ಇತರೆ ದಾಖಲೆಗಳು' ಎಂಬ ಜಾಗದಲ್ಲಿ ಅದು ಅರ್ಜಿಯ ಜೊತೆ ಹೋಯಿತು: ಯಾವುದೇ ಉದ್ಯಮದಲ್ಲಿ, ಸಹಕಾರಿ ಕಾರ್ಖಾನೆಯಲ್ಲಿ, ಸಂಘದಲ್ಲಿ ನನಗೆ ಶೇರಾಗಲಿ ಸ್ಥಾನವಾಗಲಿ ಇಲ್ಲ. ಕೆಳಗೆ ಸಹಿ. ಹಾಳೆ ಹೋಗುವ ಮೊದಲು ಅದನ್ನು ನಿಜ ಮಾಡಬೇಕಿತ್ತು. ಆ ಒಂದು ವಾರ ಸರ್ ಬಸ್ಸಿನಲ್ಲೇ ಕಳೆದರು.

ಈ ಭಾಗದಲ್ಲಿ ಅರವತ್ತು ದಾಟಿದ, ಓದಿಕೊಂಡ ಮನುಷ್ಯನಿಗೆ ಯಾವುದರಲ್ಲೂ ಸ್ಥಾನವಿಲ್ಲ ಎನ್ನುವುದು ಮೀಸೆಯಿಲ್ಲ ಎಂದಷ್ಟು ಸುಲಭವಲ್ಲ. ಪತ್ತಿನ ಸಂಘದಲ್ಲಿ ಅವರು ಸಲಹೆಗಾರರು, ಹಾಲಿನ ಡೇರಿಯಲ್ಲಿ ಉಪಾಧ್ಯಕ್ಷರು, ತಂಬಾಕು ಬೆಳೆಗಾರರ ಸಂಘದ ಮನವಿಗಳನ್ನು ಇಂಗ್ಲಿಷಿಗೆ ಇಳಿಸುವವರು. ಎಲ್ಲಕ್ಕೂ ರಾಜೀನಾಮೆ ಕೊಟ್ಟರು. ಗುಡಿಯ ಕಮಿಟಿಯೊಂದು ಉಳಿಯಿತು. ಅದಕ್ಕೆ ಸ್ಪರ್ಧೆ ಇಲ್ಲವಲ್ಲ ಎಂದರು ನಬಿಸಾಬ. ಪಕ್ಕದ ಊರಲ್ಲಿ ಹೋದ ವರ್ಷ ದೊಡ್ಡ ಗೋಪುರ ಕಟ್ಟಿದ್ದನ್ನು ನೆನೆದು ಸರ್ ಅದನ್ನೂ ಬಿಟ್ಟರು.

ಕೊನೆಗೆ ಸಕ್ಕರೆ ಕಾರ್ಖಾನೆಯ ಶೇರು. ಅಪ್ಪ ತೆಗೆದುಕೊಂಡದ್ದು. ಕಾರ್ಖಾನೆಯ ಶೇರ್ ವಿಭಾಗದ ಗುಮಾಸ್ತ ಆ ಕಾಗದವನ್ನು ಉಲ್ಟಾ ಮಾಡಿ ನೋಡಿದ.

"ಯಾರ ಜೋಡಿ ಜಗಳಾ ಆತ್ರಿ ಸರ್?"

"ಜಗಳಾ ಏನಿಲ್ಲಪಾ."

"ಮತ್ಯಾಕ್ರಿ? ಮಂದಿ ಸತ್ತಮ್ಯಾಲೂ ಶೇರ್ ಬಿಡಾಂಗಿಲ್ಲ. ಫಾರಂ ಯಾವದು ಕೊಡಬೇಕಂತನ ನನಗ ಗೊತ್ತಿಲ್ಲ."

ಬಿಳಿ ಹಾಳೆಯ ಮೇಲೆ ಬರೆದು ಕೊಟ್ಟು ಬಂದರು. ಶೇರಿನ ಬೆಲೆ ದೊಡ್ಡದಲ್ಲ. ಆದರೆ ಕಬ್ಬು ಕಡಿಯುವ ಸರದಿ ಅದರ ಮೇಲೆ ನಿಂತಿರುತ್ತದೆ. ಮೊದಲು ಶೇರಿರುವ ಸಭಾಸದರದು, ಅವರದು ಮುಗಿದು ಗ್ಯಾಂಗು, ಟ್ರ್ಯಾಕ್ಟರು ಉಳಿದರೆ ಸಭಾಸದರಲ್ಲದವರದು. ಈ ಕೊನೆಯವರಿಗೆ ಬಿಗರ್ ಸಭಾಸದರು ಎಂದು ಹೆಸರು. ಸರ್ ಅವರ ನಂಬರು ನಲವತ್ತೊಂದು ಇತ್ತು; ಜನವರಿಯಲ್ಲಿ ಬರಬೇಕಿತ್ತು. ಜನವರಿಯಲ್ಲಿ ಗ್ಯಾಂಗು ಬಂತು, ನಲವತ್ತರ ಹೊಲ ಕಡಿಯಿತು, ಇವರ ಬದು ದಾಟಿ ನಲವತ್ತೆರಡಕ್ಕೆ ಹೋಯಿತು. ಕಾರ್ಖಾನೆಯ ಫೀಲ್ಡ್‌ಮನ್ ಮಾಳೇಶ ಬೈಕಿನಿಂದ ಇಳಿಯದೆಯೇ ಹೇಳಿದ:

"ನೀವು ರಾಜೀನಾಮಿ ಕೊಟ್ಟೀರಂತಲ್ರಿ. ಈಗ ನೀವು ಬಿಗರ್."

ಮಾಳೇಶ ಅವರ ಹಳೆಯ ವಿದ್ಯಾರ್ಥಿ. ಅರ್ಥಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದವನು. ಅವನ ದನಿಯಲ್ಲಿ ಸೇಡಿರಲಿಲ್ಲ. ಇದ್ದಿದ್ದರೆ ಸರ್ ಅವರಿಗೆ ಸಮಾಧಾನವಾಗುತ್ತಿತ್ತು.

ಹೀಗೆ ಮಾರ್ಚ್ ಬಂದಿತ್ತು. ಬಿಗರ್ ಸಭಾಸದರ ಹೊಲಕ್ಕೆ ಗ್ಯಾಂಗು ಬರುವ ಲಕ್ಷಣವಿರಲಿಲ್ಲ. ಬಿಸಿಲಿಗೆ ಗ್ಯಾಂಗಿನವರು ಒಬ್ಬೊಬ್ಬರೇ ಊರಿಗೆ ತಿರುಗುತ್ತಿದ್ದರು.

ಕಸ್ತೂರೆವ್ವ ತಮ್ಮನಿಗೆ ಹೇಳಿಕಳಿಸಿದ್ದು ಆಗ. ಅವಳ ತಮ್ಮ ವಿಠೋಬಾ ಅದೇ ಕಾರ್ಖಾನೆಯ ಸಂಚಾಲಕ ಮಂಡಳಿಯ ಸದಸ್ಯ. ಬಿಳಿ ಬಟ್ಟೆ, ಎರಡು ಮೊಬೈಲು, ಎರಡಕ್ಕೂ ಬಿಡುವಿಲ್ಲ. ಬಂದವನು ಅಕ್ಕ ಕೊಟ್ಟ ಚಹಾ ಕುಡಿಯುತ್ತ ಒಂದು ಮೊಬೈಲನ್ನು ಮೇಜಿನ ಮೇಲೆ, ದಾಜಿಯ ಎದುರಿಗೆ ಇಟ್ಟ. ಅಕ್ಕನ ಗಂಡನನ್ನು ಈ ಕಡೆ ದಾಜಿ ಎನ್ನುತ್ತಾರೆ.

"ದಾಜಿ, ಒಂದ ಫೋನ್. ನಾಳಿ ಹತ್ತಕ್ಕ ಗ್ಯಾಂಗ್ ನಿಮ್ಮ ಹೊಲದಾಗ."

"ಬ್ಯಾಡ."

"ಯಾಕ ಬ್ಯಾಡ?"

"ಫೋನ್ ಮ್ಯಾಲ ಬಂದಿದ್ದು ಫೋನ್ ಮ್ಯಾಲ ಹೋಗತೈತಿ."

"ಕಬ್ಬು ಕಡದಮ್ಯಾಲ ಎಲ್ಲಿ ಹೋಗತೈತಿ ದಾಜಿ? ಸಕ್ಕರಿ ಆಗಿ ಮುಂಬೈಗಿ ಹೋಗತೈತಿ." ವಿಠೋಬಾ ತನ್ನ ಮಾತಿಗೆ ತಾನೇ ನಕ್ಕ. "ಅಕ್ಕಾ, ನೀನರ ಹೇಳ."

"ನಾ ಏನ್ ಹೇಳ್ಲಿ? ನಾ ಅವರಿಗೆ ಹಿತಾಸಕ್ತಿ." ಕಸ್ತೂರೆವ್ವ ಆ ಶಬ್ದವನ್ನು ಬಾಯಲ್ಲಿ ಕಲ್ಲು ಸಿಕ್ಕಂತೆ ಉಚ್ಚರಿಸಿದಳು. "ಬಿಡುವಾಗ ಶೇರ್ ನನ್ನ ಹೆಸರಿಗಾದ್ರೂ ಮಾಡ್ರಿ ಅಂದ್ನಿ. ಹೆಂಡ್ತಿದೂ ಗಂಡಂದೂ ಒಂದ ಅಂತ. ಹೊಲಕ್ಕ ನೀರ ಬಿಡಾಕ ಹೋಗುವಾಗ ಒಂದ ಇರಲಿಲ್ಲ."

ವಿಠೋಬಾ ಚಹಾ ಮುಗಿಸಿದ. "ಇರ್ಲಿ ಬಿಡ್ರಿ. ನಾ ಫೋನ್ ಮಾಡಾಂಗಿಲ್ಲ. ಆದ್ರ ಒಂದ ಕೇಳ್ತೇನಿ, ನಿಮ್ಮ ನಂಬರ್ ಯಾಕ ಜಿಗದ್ರು ಅವರು?"

"ರಾಜೀನಾಮೆ ಕೊಟ್ಟೇನಲ್ಲ."

"ಕೊಟ್ಟೀರಿ. ತಗೊಂಡವರ್ಯಾರು?" ವಿಠೋಬಾ ಕಾಲು ಚಾಚಿ ಕೂತ. "ಶೇರ್ ರಾಜೀನಾಮಿ ಬೋರ್ಡ್ ಮಂಜೂರ್ ಮಾಡಬೇಕು. ದೀಪಾವಳಿಯಿಂದ ಒಂದ ಮೀಟಿಂಗ್ ಆಗಿಲ್ಲ. ಹದಿನೈದು ಮಂದಿ ಸಂಚಾಲಕರು, ಎಂಟು ಬೇಕು. ಇಲೆಕ್ಷನ್ ಬಂತಲ್ರಿ, ಇವರ ಹಿಂದ ಮೂರು, ಅವರ ಹಿಂದ ಮೂರು, ಇನ್ನಿಬ್ಬರು ಗೋವಾಕ್ಕ. ಉಳದ ನಾವು ಏಳು ಮಂದಿ ಹೋಗೂದು, ಭಜಿ ತಿನ್ನೂದು, ಸಹಿ ಮಾಡಿ ಬರೂದು. ನಿಮ್ಮ ಕಾಗದ ಆ ಗುಮಾಸ್ತನ ಡ್ರಾವರಿನ್ಯಾಗ ಐತಿ, ನಾನ ಕಂಡೇನಿ."

ಧರೆಪ್ಪ ಸರ್ ಎದ್ದು ನಿಂತರು. ಕೂತರು. ಮತ್ತೆ ಎದ್ದರು.

"ಹಂಗಂದ್ರ ನಾ ಇನ್ನೂ ಸಭಾಸದ?"

"ನವೆಂಬರದಾಗೂ ಸಭಾಸದ, ಇವತ್ತೂ ಸಭಾಸದ. ಮಾಳ್ಯಾ ಬಾಯಿ ಮಾತಿನ ಮ್ಯಾಲ ನಿಮ್ಮ ನಂಬರ್ ಜಿಗದಾನ. ಅವನ ತಪ್ಪು. ಜಿಗದ ನಂಬರಿಗೆ ಗ್ಯಾಂಗ್ ಮೊದಲ ಕೊಡಬೇಕಂತ ನಿಯಮಾನ ಐತಿ, ಇದರಾಗ ನಾ ಫೋನ್ ಮಾಡೂ ಕೆಲಸಾನ ಇಲ್ಲ. ರಾಜೀನಾಮಿ ಹಿಂದಕ್ಕ ತಗೊಂಡೇನಿ ಅಂತ ಒಂದ ಚೀಟಿಗಿ ಸಹಿ ಮಾಡ್ರಿ, ಮುಗೀತು, ನಾಳಿನ ಗ್ಯಾಂಗ್."

ಕಸ್ತೂರೆವ್ವ ಎರಡನೇ ಸಲ ಚಹಾ ತಂದಳು. ತಮ್ಮನಿಗೆ ಮಾತ್ರವಲ್ಲ, ಗಂಡನಿಗೂ. ಅವಳ ಮುಖ ಅಷ್ಟು ತಿಳಿಯಾದದ್ದು ಜನವರಿಯ ನಂತರ ಅದೇ ಮೊದಲು. ಸರ್ ಮಾತ್ರ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಹೋದರು, ಅಲ್ಲಿಂದ ಪಡಸಾಲೆಗೆ ಬಂದರು. ಅವರು ದಿಲ್ಲಿಗೆ ಕಳಿಸಿದ ಹಾಳೆ ಸುಳ್ಳು. ಕೊಟ್ಟಾಗಲೂ ಸುಳ್ಳು, ಈಗಲೂ ಸುಳ್ಳು. ಯಾರೂ ಕೇಳದ ಹಾಳೆ. ಜಳಕ ಮಾಡಿ ಕೂತವರಂತೆ ತಾವೇ ಬರೆದು ಕಳಿಸಿದ್ದು.

"ಏನಾತ್ರಿ?" ಎಂದಳು ಕಸ್ತೂರೆವ್ವ.

"ಚೀಟಿ ನಾಳಿ ಮಾಡ್ತೇನಿ. ಮೊದಲ ಚಿಕ್ಕೋಡಿಗೆ ಹೋಗಿ ಬರಬೇಕು."

"ಗ್ಯಾಂಗ್ ನಾಳಿನ ಬರತೈತಿ."

"ನಾ ಬರೂತನಕ ಕಬ್ಬಿಗೆ ಕೈ ಹಚ್ಚಾಕ ಬಿಡಬ್ಯಾಡ."

ವಿಠೋಬಾ ಅಕ್ಕನ ಮುಖ ನೋಡಿದ. ಅಕ್ಕ ಸೀಲಿಂಗ್ ನೋಡಿದಳು.

ಮರುದಿನ ಹನ್ನೆರಡಕ್ಕೆ ಸರ್ ನಬಿಸಾಬರ ಮೇಜಿನ ಮುಂದಿದ್ದರು. ನಬಿಸಾಬ ಎಲ್ಲ ಕೇಳಿ, ಅರ್ಜಿಯ ಪುಟ ತೆರೆದರು. ಕೊನೆಯ ದಿನ ಎಂದೋ ಮುಗಿದಿತ್ತು. ತಿದ್ದುವ ಗುಂಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಒತ್ತಲು ಬರುವುದು ಒಂದೇ: ಅರ್ಜಿ ಹಿಂಪಡೆಯಿರಿ.

"ಅದನ್ನ ಮುಟ್ಟಬ್ಯಾಡ್ರಿ," ಎಂದರು ನಬಿಸಾಬ. "ಒಂದ ಪತ್ರ ಬರೂಣು. ಇಂಥಾ ಶೇರ್ ನನಗ ಗೊತ್ತಿಲ್ದಂಗ ಉಳದಿತ್ತು, ತಿದ್ದುಪಡಿ ಮಾಡ್ಕೋರಿ ಅಂತ. ರಜಿಸ್ಟರ್ ಪೋಸ್ಟ್ ಮಾಡೂಣು. ಫೈಲಿನ್ಯಾಗ ಹಾಕ್ತಾರ."

"ಎಲ್ಲಿ ಹಾಕ್ತಾರ?"

"ನಿಮ್ಮ ಹಾಳಿ ಹಿಂದ."

"ಕೊನೀ ತಾರೀಖ್ ಮುಗದಮ್ಯಾಲ ಬಂದ ಕಾಗದ, ಮೊದಲಿನ ಕಾಗದದ ಜೋಡಿ."

"ಹೌದ್ರಿ. ಎಲ್ಲಾರೂ ಮಾಡ್ತಾರ."

"ಎಲ್ಲಾರೂ ಮಾಡ್ತಾರ, ನನಗೂ ಹಂಗ ಮಾಡಿದ್ರು." ಸರ್ ಮೇಜಿನ ಅಂಚು ಹಿಡಿದುಕೊಂಡರು. "ಅರ್ಧ ಪುಟ ಖಾಲಿ ಇತ್ತು ಅಂತ ನಡುವ ತುರುಕಿದ್ರು. ಈಗ ನಾ ತುರುಕಲೇನು? ಆ ಸಮಿತಿ ಕೊನೀ ದಿನದ ತನಕ ಬಂದಿದ್ದನ್ನ ನೋಡಿ ಆರಸಬೇಕು. ಬಂದಿದ್ದು ಸುಳ್ಳೈತಿ."

"ಗೊತ್ತಿಲ್ದ ಬರದಿದ್ದು ಸುಳ್ಳಲ್ಲರಿ ಸರ್, ತಪ್ಪು. ಕೋರ್ಟಿನ್ಯಾಗ ಎರಡಕ್ಕೂ ಬ್ಯಾರೆ ಬ್ಯಾರೆ ಕಲಮು."

"ತನ್ನ ಕಿಸೇದಾಗ ಏನೈತಿ ಅಂತ ಗೊತ್ತಿಲ್ದವನು ಕಂಪನಿಗೋಳ ಕಿಸೆ ಹುಡಕಾಕ ಹೊಂಟಾನಂದ್ರ ಯಾರು ಕೇಳ್ತಾರ?"

ನಬಿಸಾಬ ಕನ್ನಡಕ ತೆಗೆದು ಒರೆಸಿದರು. ಮೂವತ್ತು ವರ್ಷ ಸಾಕ್ಷಿದಾರರನ್ನು ಕಂಡವರು; ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದರು. ಸಿಗದೇ ಇರುವಾಗ ತಾನಾಗಿ ಬಂದು ಕಟಕಟೆ ಹತ್ತಿದವರನ್ನು ನೋಡಿರಲಿಲ್ಲ. ಅದು ಅವರಿಗೆ ಮೆಚ್ಚುಗೆಗಿಂತ ಹೆಚ್ಚು ಕಿರಿಕಿರಿ ತಂದಿತು.

"ಅಲ್ರಿ, ಆ ನಾಕು ವರ್ಷ? ಆ ಕುರ್ಚಿ? ಇಲ್ಲಿಂದ ಎದ್ದು ಹ್ವಾದ್ರ ಇನ್ನ ಎಂದೂ ಇಲ್ಲ. ಮುಂದಿನ ಸಲ ಕರಿಯೂದರಾಗ ನಿಮಗ ಅರವತ್ತೈದು."

"ಗೊತ್ತೈತಿ."

"ಹಂಗಾರ ಚೀಟಿಗೆ ಸಹಿ ಮಾಡಬ್ಯಾಡ್ರಿ. ಬೋರ್ಡ್ ಯಾವಾಗ ಕೂಡತೈತೋ ಆವಾಗ ರಾಜೀನಾಮಿ ಮಂಜೂರ್ ಆಗಲಿ. ಹಾಳಿ ನಿಜಾ ಆಗತೈತಿ."

"ಅಲ್ಲೀತನಕ ಕಬ್ಬು? ಕಸ್ತೂರಿ ಹದಿನಾಲ್ಕು ತಿಂಗಳ ನೀರ ಬಿಟ್ಟಾಳ."

ಮೊಬೈಲ್ ರಿಂಗಾಯಿತು. ಕಸ್ತೂರೆವ್ವ.

"ಗ್ಯಾಂಗ್ ಬಂದೈತಿ. ಮಾಳೇಶನೂ ಬಂದಾನ, ಚೀಟಿ ಹಿಡ್ಕೊಂಡ ನಿಂತಾನ. ಎಲ್ಲದೀರಿ?"

"ಹತ್ತು ಮಿನಿಟ್."

"ಈಗ ಹಚ್ಚಲಿಲ್ಲಂದ್ರ ಅವರು ನಾಕಕ್ಕ ಉಗಾರದ ಕಡೆ ಹೋಗವರು. ಊರಿಗಿ ಹೋಗೂ ಅವಸರದಾಗ ಅದಾರ. ಇವತ್ತ ಬಿಟ್ರ ಇಲ್ಲ."

"ಹತ್ತು ಮಿನಿಟ್ ಅಂದ್ನೆಲ್ಲ."

ಸರ್ ಹಿಂಪಡೆಯುವ ಗುಂಡಿ ಒತ್ತಿದಾಗ ಪುಟ ಕಾರಣ ಕೇಳಿತು. ಆರೋಗ್ಯ, ಕೌಟುಂಬಿಕ, ಬೇರೆ ಉದ್ಯೋಗ, ಇತರೆ. ನಬಿಸಾಬ ಆರೋಗ್ಯದ ಮೇಲೆ ಬಾಣ ಇಟ್ಟರು. ಎಲ್ಲರೂ ಅದನ್ನೇ ಒತ್ತುತ್ತಾರೆ, ಯಾರಿಗೂ ಅವಮಾನವಿಲ್ಲ. ಸರ್ ನಬಿಸಾಬರ ಕೈ ಸರಿಸಿ 'ಇತರೆ' ಒತ್ತಿದರು. ಸಣ್ಣ ಪೆಟ್ಟಿಗೆಯೊಂದು ತೆರೆಯಿತು. ಇನ್ನೂರು ಅಕ್ಷರದೊಳಗೆ ಬರೆಯಬೇಕು.

ಮೂವತ್ತಮೂರು ವರ್ಷ ಒಂದು ಮಾತಿಗೆ ಒಂದು ಗಂಟೆ ತೆಗೆದುಕೊಂಡು ಕಲಿಸಿದವರಿಗೆ ಇನ್ನೂರು ಅಕ್ಷರ ಕಷ್ಟ. ಮೊದಲ ಕರಡಿನಲ್ಲಿ ಶೇರಿನ ಇತಿಹಾಸ ಬಂತು. ಎರಡನೆಯದರಲ್ಲಿ ಬೋರ್ಡಿನ ಕೋರಂ ಬಂತು. ನಬಿಸಾಬ ಅಳಿಸಿ ಅಳಿಸಿ ಸುಸ್ತಾದರು. ಜಾತಿ ಪ್ರಮಾಣಪತ್ರಕ್ಕೆ ಬಂದ ಇಬ್ಬರು ಬೆಂಚಿನ ಮೇಲೆ ಕೂತು, ಇದು ಯಾವ ದೊಡ್ಡ ಕೇಸೋ ಎಂದು ಸುಮ್ಮನೆ ನೋಡುತ್ತಿದ್ದ ಹಾಗೆಯೇ ತಾಸಿಗೂ ಹೆಚ್ಚು ಹೊತ್ತು ಹೋಯಿತು. ಮೊಬೈಲ್ ಎರಡು ಸಲ ರಿಂಗಾಗಿ ಸುಮ್ಮನಾಯಿತು. ಆಮೇಲೆ ರಿಂಗಾಗಲೇ ಇಲ್ಲ. ಹಾಗೆ ಸುಮ್ಮನಾದದ್ದು ಸರ್ ಅವರನ್ನು ಇನ್ನೂ ಕಾಡಿತು. ತಾವೇ ಫೋನ್ ಹಚ್ಚಿದರು.

"ಕಸ್ತೂರಿ, ಇನ್ನೊಂದ ಐದು ಮಿನಿಟ್. ಅವರಿಗೆ ಚಹಾ ಮಾಡಿಕೊಡು."

ಅತ್ತಲಿಂದ ಗಾಳಿ, ಯಾರೋ ಕೂಗಿದ್ದು, ಎಲೆ ಸವರುವ ಸರಸರ ಸದ್ದು. "ಚಹಾ ಕುಡದು ತಾಸಾತು. ಒಂದ ಡಬ್ಬಿ ತುಂಬಿ ಹೋತು, ಎರಡನೇದು ಅರ್ಧಾ ಆಗೈತಿ."

ಡಬ್ಬಿ ಎಂದರೆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು. ಸರ್ ಕುರ್ಚಿಯಿಂದ ಎದ್ದರು. "ನಾ ಬರೂತನಕ ಕೈ ಹಚ್ಚಬ್ಯಾಡ ಅಂದಿದ್ನೆಲ್ಲ!"

"ಅಂದಿದ್ರಿ. ನಾ ಎಲ್ಲಿ ಹೂಂ ಅಂದಿದ್ನಿ?"

"ಚೀಟಿಗೆ ಸಹಿ?"

"ಮಾಳೇಶ ಅಂದ, ಸರ್ ಬಂದು ಮಾಡ್ತಾರ, ನನಗ ನಂಬಿಗಿ ಐತಿ. ಎರಡು ಸಲ ನಪಾಸ್ ಮಾಡಿದವರನ್ನ ನಂಬತಾನ ಅಂವ. ಮನಶಾ ಒಳ್ಳೇಂವ."

ಸರ್ ಗೋಡೆಯತ್ತ ತಿರುಗಿ ಗಡಿಯಾರ ನೋಡಿದರು. ಆಮೇಲೆ ಕೇಳಿದ್ದು ಕಸ್ತೂರೆವ್ವ ನಿರೀಕ್ಷಿಸಿರದ ಪ್ರಶ್ನೆ.

"ಎಷ್ಟಕ್ಕ ಸುರು ಮಾಡಿದ್ರು?"

"ಏನು?"

"ಟೈಮು. ಮೊದಲನೇ ಕಬ್ಬು ಎಷ್ಟು ಗಂಟಿಗೆ ಕಡದ್ರು?"

"ನನಗೇನ್ ಗೊತ್ತು? ಒಂದಕ್ಕ ಇರಬೇಕು, ಹತ್ತು ಮಿನಿಟ್ ಆಚಿ ಈಚಿ. ನಿಮಗೇನ್ ಆಗೈತ್ರಿ?" ಫೋನ್ ಇಟ್ಟಳು.

ಗೋಡೆಯ ಗಡಿಯಾರದಲ್ಲಿ ಎರಡಾಗಲು ಐದು ನಿಮಿಷವಿತ್ತು. ಸರ್ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಅಳಿಸಿ, ತಾವೇ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ನಬಿಸಾಬ ಹಿಂದಿನಿಂದ ಓದಿದರು: ನನಗೆ ಸಕ್ಕರೆ ಕಾರ್ಖಾನೆಯಲ್ಲಿ ಶೇರಿದೆ. ಇಲ್ಲವೆಂದು ಬರೆದಿದ್ದೆ. ಇಂದು ಮಧ್ಯಾಹ್ನ ಸುಮಾರು ಒಂದರಿಂದ ಅದರ ಲಾಭವನ್ನೂ ಪಡೆಯುತ್ತಿದ್ದೇನೆ.

"ಮಧ್ಯಾಹ್ನ ಒಂದರಿಂದ ಅನ್ನೂದು ಯಾಕ್ರಿ ಸರ್? ಇದನ್ನ ಕೇಳ್ಯಾರ ಯಾರು?"

"ಯಾರೂ ಕೇಳಿಲ್ಲ."

"ಮತ್ತ?"

"ನಾನೂ ಮೊದಲ ಹಿಂಪಡದು ಆಮ್ಯಾಲ ಕಡಸಬೇಕಂತ ಇದ್ನಿ. ಉಲ್ಟಾ ಆತು. ಉಲ್ಟಾ ಆಗಿದ್ದು ಉಲ್ಟಾ ಅಂತನ ಇರಲಿ."

ಒತ್ತಿದರು. ಪರದೆಯ ಮೇಲೆ ಗಾಲಿ ತಿರುಗಿತು, ತಿರುಗಿತು, ನಿಂತಿತು. ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ. ಅದೇ ಸಾಲು ಮೊಬೈಲಿಗೂ ಬಂತು. ನಾಲ್ಕು ತಿಂಗಳಲ್ಲಿ ದಿಲ್ಲಿಯಿಂದ ಅವರಿಗೆ ಬಂದ ಮೊದಲ ಮೇಲ್. ಬೆಂಚಿನ ಮೇಲಿದ್ದವರಲ್ಲಿ ಒಬ್ಬ, "ಮಂಜೂರ್ ಆತೇನ್ರಿ?" ಎಂದು ಕೇಳಿದ. "ಆತಪಾ," ಎಂದರು ಸರ್.

ಕಬ್ಬೂರಿನ ಬಸ್ಸು ಮೂರೂವರೆಗೆ. ಸರ್ ಮೆಟ್ಟಿಲಿಳಿದರು, ಹತ್ತಿದರು, ರಸ್ತೆಯ ತನಕ ಹೋಗಿ ಬಂದರು. ನಬಿಸಾಬ ಬೆಂಚಿನವರಿಗೆ ನಾಳೆ ಬರಲು ಹೇಳಿ, ಸ್ಕೂಟರಿನ ಕೀಲಿ ತೆಗೆದುಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ಹೊತ್ತಿಗೆ ಮುಂಚೆ ಟೇಬಲ್ ಬಿಟ್ಟು ಎದ್ದವರಲ್ಲ.

"ಹತ್ರಿ. ಹಿಂಗ ತಿರಗ್ಯಾಡಿದ್ರ ನೀವ ನಡಕೊಂಡ ಹೋಗಿ ಮುಟ್ಟತೀರಿ."

ಊರ ಹೊರಗೆ ರಸ್ತೆ ಕಬ್ಬಿನ ಟ್ರ್ಯಾಕ್ಟರುಗಳಿಂದ ತುಂಬಿತ್ತು. ಅರ್ಧ ದಾರಿಯಲ್ಲಿ ಎದುರಿಗೆ ಎರಡು ಡಬ್ಬಿ ಎಳೆದುಕೊಂಡು ಒಂದು ಟ್ರ್ಯಾಕ್ಟರು ಬರುತ್ತಿತ್ತು. ಡ್ರೈವರ್ ದೊಡ್ಡ ದನಿಯಲ್ಲಿ ಮರಾಠಿ ಹಾಡು ಹಚ್ಚಿದ್ದ. ಸರ್ ಹಿಂದಿನ ಸೀಟಿನಲ್ಲಿ ಅರ್ಧ ಎದ್ದು ನಿಂತು, ನಬಿಸಾಬರ ಹೆಗಲು ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಡಬ್ಬಿಯ ತುದಿಯಲ್ಲಿ ಬೆಳ್ಳಗಿನ ಹೂವಿನ ಎಸಳುಗಳು ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡಿದ್ದವು.

"ನಿಧಾನ, ನಿಧಾನ ಹೊಡೀರಿ. ಅದು ನಮ್ದ ಇರಬೇಕು."

"ಕೂಡ್ರಿ ಸರ್, ಬೀಳ್ತೀರಿ! ಎಲ್ಲಾ ಕಬ್ಬೂ ಒಂದ ನಮೂನಿ ಕಾಣ್ತಾವ."

"ನಮ್ದ ಐತಿ ಅದು," ಎಂದರು ಧರೆಪ್ಪ ಸರ್, ಟ್ರ್ಯಾಕ್ಟರು ದಾಟಿ ಹೋದಮೇಲೂ ಹಿಂದಕ್ಕೆ ತಿರುಗಿ ನೋಡುತ್ತ. "ಭಾಳ ಒಣಗಿಲ್ಲ ನೋಡ್ರಿ. ತೂಕ ಬರತೈತಿ."